ಕತ್ತಲ ಮೀನಿನ ಎಣ್ಣೆ

ಮರುಳಸಿದ್ದಮ್ಮ ಬಾಟಲಿಯ ಬಿರಡೆ ಕಿತ್ತು ಮೂಗಿಗೆ ಹಿಡಿದವಳೇ ಕೈಯನ್ನು ದೂರ ಚಾಚಿದಳು. "ಏನೇ ನಾಗಿ ಇದು, ಇಷ್ಟು ಗಬ್ಬು ವಾಸನೆ?"

"ಇರುಳುಗಣ್ಣಿಗೆ ಔಷಧ್ರೀ ಅತ್ತೆ. ದಾವಣಗೆರೆ ಡಾಕ್ಟ್ರಮ್ಮ ಕೊಟ್ಟಿದ್ದು." ಸೊಸೆ ಅಕ್ಕನಾಗಮ್ಮ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಮೀನೆಣ್ಣೆ."

ಹರಿಹರದ ಹೊಳೆ ಕೂಗಳತೆಯಲ್ಲೇ ಹರಿಯುತ್ತಿದ್ದರೂ ಮೀನು ಎಂಬ ಮಾತು ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಬಸುರಾದ ಮೇಲೆ ಸೊಸೆಯ ಕಣ್ಣು ಹೊತ್ತು ಮುಳುಗಿದೊಡನೆ ಸಾಯುತ್ತಿತ್ತು. ಪಾತ್ರೆಯ ಹೊರಗೆ ಹಾಲು ಸುರಿದಳು, ಮೆಟ್ಟಿಲೆಡವಿ ಬಿದ್ದಳು. ಮನೆಯವರು ಅದಕ್ಕೆ ಮೈಗಳ್ಳತನವೆಂದು ಹೆಸರಿಟ್ಟರು. ಹೀಗೇ ಬಿಟ್ಟರೆ ಹಗಲಿನ ಕಣ್ಣೂ ಹೋದೀತೆಂದು ಡಾಕ್ಟರ್ ನಾಗರತ್ನಮ್ಮ ಎಚ್ಚರಿಸಿದ್ದರು.

"ಲಿಂಗ ಕಟ್ಟಿದ ಮೈಯಾಗೆ ಮೀನು ಇಳಿಸ್ತೀಯೇನೆ?"

"ಇದು ಸಮುದ್ರದ ತಳದಾಗಿರೋ ಸೊರ ಮೀನಂತ್ರೀ, ಶಾರ್ಕ್ ಅಂದ್ರು ಡಾಕ್ಟ್ರಮ್ಮ. ಬಿಸಿಲೇ ಇಳಿಯದ ಜಾಗ. ಬ್ಯಾರೆ ಮೀನಿನಂಗೆ ಒಳಗೆ ಗಾಳಿಚೀಲ ಇಲ್ಲ, ಹೊಟ್ಟೆಯೊಳಗಿನ ಎಣ್ಣೇನೇ ಅದನ್ನ ಮುಳುಗದಂಗೆ ಹಿಡಿಯೋದು. ಆ ಕತ್ತಲಾಗೇ ಎರಡು ವರ್ಷ ಮರಿ ಹೊತ್ತಿರ್ತದಂತೆ."

"ಎರಡು ವರ್ಷಾನಾ? ಅದರ ಅತ್ತೆ ಸುಮ್ನಿದ್ದಳಾ?"

ಅಕ್ಕನಾಗಮ್ಮನಿಗೆ ನಗು ಬಂತು. ಇಬ್ಬರೂ ಕೂಡಿ ನಗಬಹುದಾಗಿದ್ದ ಗಳಿಗೆ. ಮುದುಕಿ ನಗಲಿಲ್ಲ, ಬಾಟಲಿಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ದಾವಣಗೆರೆಯ ಜವಳಿ ಅಂಗಡಿಗೆ ಹೊರಟಿದ್ದ ಗಂಡ ಕರಿಬಸವರಾಜ ಟೋಪಿ ಸರಿಮಾಡಿಕೊಳ್ಳುತ್ತಿದ್ದ. "ನೀವಾದ್ರೂ ಹೇಳ್ರಿ," ಎಂದಳು. "ಡಾಕ್ಟ್ರಮ್ಮ ಹೇಳುವಾಗ ಪಕ್ಕದಾಗೇ ಇದ್ರಲ್ಲ."

"ಅವ್ವ ಹೇಳಿದಂಗೆ ಕೇಳು. ಹಗಲು ಕಾಣ್ತೈತಲ್ಲ, ಸಾಲದೇನು?" ಅವನಿಗೆ ರೈಲಿಗೆ ಹೊತ್ತಾಗಿತ್ತು.

ಆ ಮೀನಿಗೆ ದೊಡ್ಡ ಹಸಿರು ಕಣ್ಣಂತೆ, ಸಿಕ್ಕ ಚೂರು ಬೆಳಕನ್ನೂ ಬಿಡುವುದಿಲ್ಲವಂತೆ. ಅಷ್ಟು ನೀರಿನ ಭಾರ ಹೊತ್ತು ಅದು ಒಂಟಿಯಾಗಿ ಸುಳಿಯುತ್ತದೆಂದು ಡಾಕ್ಟರ್ ಹೇಳಿದಾಗ, ತವರಿನ ಸುದ್ದಿ ಕೇಳಿದವಳಂತೆ ಅಕ್ಕನಾಗಮ್ಮ ಕಣ್ಣು ತುಂಬಿಕೊಂಡಿದ್ದಳು.

ಮರುಳಸಿದ್ದಮ್ಮ ಎಣ್ಣೆ ಚೆಲ್ಲಲಿಲ್ಲ. ಏನನ್ನೂ ಹಾಳು ಮಾಡುವ ಮನೆಯಲ್ಲ ಅದು. ದೇವರ ಮುಂದೆ ಉರಿಸುವಂತಿಲ್ಲ, ದನಕ್ಕೆ ಯಾವ ಮಡಿ? ಮುಸ್ಸಂಜೆ ಕೊಟ್ಟಿಗೆಯ ಹಣತೆಗೆ ಬಾಟಲಿ ಬಗ್ಗಿಸಿ ಬತ್ತಿ ಹಚ್ಚಿದಳು.

"ಬಾರೇ, ಹುಲ್ಲು ಹಾಕು. ದೀಪ ಇಟ್ಟೀನಿ, ಇನ್ನ ನೆಪ ಹೇಳಬ್ಯಾಡ."

ಅಕ್ಕನಾಗಮ್ಮ ಗೋಡೆ ಸವರುತ್ತ ಬಂದು ನಿಂತಳು. ಎದುರಿಗೆ ಒಂದು ಹಳದಿ ಚುಕ್ಕೆ. ಅದರ ಸುತ್ತ ಹಸುವಿಲ್ಲ, ಗೋಡೆಯಿಲ್ಲ, ಅತ್ತೆಯಿಲ್ಲ. ಸುಟ್ಟ ಎಣ್ಣೆಯ ವಾಸನೆ ಮಾತ್ರ ಮುಖಕ್ಕೆ ಬಡಿಯಿತು.

"ಕಾಣ್ತೈತೇನೆ?"

"ಕಾಣ್ತೈತ್ರೀ ಅತ್ತೆ. ಅಲ್ಲಿ ನನ್ನ ಕಣ್ಣು ಉರಿಯೋದು ಕಾಣ್ತೈತೆ."