ತೆರೆಯದ ಫೈಲು

ಫೈಲುಗಳ ಸಾಲಿನಲ್ಲಿ ಅಕ್ಕನ ಹೆಸರು ಕಂಡೊಡನೆ ಸಿದ್ದಲಿಂಗೇಶ ಮೌಸಿನ ಮೇಲಿಂದ ಕೈ ತೆಗೆದ.

ಹಾವೇರಿಯ ಸಂಶೋಧನಾ ಕೇಂದ್ರದಲ್ಲಿ ಸೂಪರ್ ಕಂಪ್ಯೂಟರಿನ ಭದ್ರತೆ ಅವನ ಕೆಲಸ. ಎಷ್ಟೋ ಊರಿನ ಸಂಶೋಧಕರು ತಮ್ಮ ದೊಡ್ಡ ದೊಡ್ಡ ಲೆಕ್ಕಗಳನ್ನು ಆ ಒಂದೇ ಯಂತ್ರದಲ್ಲಿ ಮಾಡಿಸುತ್ತಿದ್ದರು. ಒಬ್ಬರ ಫೋಲ್ಡರು ಇನ್ನೊಬ್ಬರಿಗೆ ಕಾಣಬಾರದು. ಅವತ್ತು ಬೆಳಿಗ್ಗೆ ನೋಡಿದರೆ ರಾಣೇಬೆನ್ನೂರಿನ ಡಾಕ್ಟರ್ ಸುಧಾರಾಣಿಯವರ ಫೋಲ್ಡರು ಎಲ್ಲರಿಗೂ ತೆರೆದುಕೊಂಡಿತ್ತು. ತುಂಗಭದ್ರೆಯ ದಂಡೆಯ ಕೆಲವು ಮನೆತನಗಳಲ್ಲಿ ಹೆತ್ತವರಿಂದ ಮಕ್ಕಳಿಗೆ ಬರುವ ಒಂದು ನರರೋಗದ ಬಗ್ಗೆ ಅವರು ಅಧ್ಯಯನ ನಡೆಸಿದ್ದರು. ರಕ್ತ ಕೊಟ್ಟವರ ಹೆಸರು ತೆಗೆದು ಬರೀ ನಂಬರು ಹಾಕಬೇಕಿತ್ತು. ಹಾಕಿರಲಿಲ್ಲ. ಪ್ರತಿ ಫೈಲಿಗೂ ಊರು, ಹೆಸರು. ಅವುಗಳಲ್ಲಿ ಒಂದು: ಐರಣಿ, ಭುವನಾ.

ಆ ರೋಗದ ಪರಿಚಯ ಅವನಿಗಿತ್ತು. ಐರಣಿಯ ಮನೆಯಲ್ಲಿ ಅವ್ವನ ಕೈ ಮೊದಲು ನಡುಗತೊಡಗಿತು. ಆಮೇಲೆ ಮಾತು ಹೋಯಿತು, ಕೊನೆಗೆ ಮಕ್ಕಳ ಗುರುತೂ ಹೋಯಿತು. ಕೂದಲು ಪೂರ್ತಿ ಬೆಳ್ಳಗಾಗುವ ಮೊದಲೇ ತೀರಿಕೊಂಡಳು. ಅವಳಿಗೆ ಉಣಿಸಿ, ತಲೆ ಬಾಚಿ, ಕೊನೆತನಕ ನೋಡಿಕೊಂಡವಳು ಭುವನಾ. ಈಗ ಅವಳು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದಳು. ತಾನು ರಕ್ತ ಕೊಟ್ಟದ್ದನ್ನು ತಮ್ಮನಿಗೆ ಹೇಳಿರಲಿಲ್ಲ.

ಒಂದು ಸಲ ಒತ್ತಿದರೆ ಸಾಕಿತ್ತು, ಅವ್ವನ ರೋಗ ಅಕ್ಕನಿಗೂ ಬಂದಿದೆಯೋ ಇಲ್ಲವೋ ತಿಳಿದುಬಿಡುತ್ತಿತ್ತು. ಯಾರು ಯಾವ ಫೈಲು ತೆರೆದರೆಂದು ಯಂತ್ರ ದಾಖಲೆ ಇಡುತ್ತಿತ್ತು, ಖರೆ. ಆದರೆ ಆ ದಾಖಲೆಯನ್ನು ನೋಡುವವನೂ ಅವನೇ. ಪರದೆಯನ್ನೇ ನೋಡುತ್ತ ಕೂತಿದ್ದವನು ಫೋಲ್ಡರಿಗೆ ಬೀಗ ಹಾಕಿ, ಡಾಕ್ಟರಿಗೆ ಫೋನು ಹಚ್ಚಿದ.

"ಮೇಡಂ, ನಿಮ್ಮ ಫೋಲ್ಡರ್ ಎಲ್ಲಾರಿಗೂ ಓಪನ್ ಇತ್ರಿ. ಈಗ ಬಂದ್ ಮಾಡೇನಿ. ದಾಖಲೆ ನೋಡಿದೆ, ಹೊರಗಿನವರು ಯಾರೂ ಒಂದೂ ಫೈಲ್ ತಗದಿಲ್ಲ."

ಆ ಕಡೆಯಿಂದ ಉದ್ದನೆಯ ಉಸಿರು ಕೇಳಿಸಿತು. "ಲೆಕ್ಕ ಲಗೂ ಮುಗೀಲಿ ಅಂತ ನಮ್ಮವರ ಯಾರೋ ತಗದಿಟ್ಟಿರಬೇಕು. ಮಂದಿ ನಮ್ಮನ್ನ ನಂಬಿ ರಕ್ತ ಕೊಟ್ಟಾರ್ರಿ. ಗೊತ್ತಾದ್ರ ಮಗಳ ಮದುವಿ ನಿಂತೀತು ಅಂತ ಅಂಜಿಕೋತನ ಕೊಟ್ಟವರದಾರ. ನಿಮ್ಮ ಉಪಕಾರ ನಾ ಮರಿಯೂದಿಲ್ಲ."

"ಇನ್ನೊಂದು ಹೇಳಬೇಕ್ರಿ. ಒಂದು ಹೆಸರು ನನ್ನ ಕಣ್ಣಿಗೆ ಬಿತ್ತು. ಐರಣಿ ಭುವನಾ. ಆಕಿ ನಮ್ಮಕ್ಕ."

ಡಾಕ್ಟರ್ ಮೆಲ್ಲಗೆ ಕೇಳಿದರು, "ಫೈಲ್ ತಗದು ನೋಡಿದ್ರೇನು?"

"ಇಲ್ರಿ. ನೋಡಿದ ಮ್ಯಾಲೆ ಆಕಿ ಮುಂದ ಹೋಗಿ ಏನೂ ಗೊತ್ತಿಲ್ಲದವರಂಗ ಕುಂದರೂದು ನನ್ನ ಕೈಲೆ ಆಗತಿದ್ದಿಲ್ಲ. ಆಕಿಗೆ ಇಷ್ಟು ನೀವ ತಿಳಿಸ್ರಿ. ಹೆಸರು ನೋಡ್ಯಾನ, ಒಳಗ ನೋಡಿಲ್ಲ ಅಂತ."

ರಕ್ತ ಕೊಟ್ಟವರಿಗೆಲ್ಲ ಡಾಕ್ಟರ್ ಸುಧಾರಾಣಿ ತಾವೇ ಫೋನು ಮಾಡಿ, ಆದದ್ದನ್ನು ಮುಚ್ಚಿಡದೆ ಹೇಳಿ ಕ್ಷಮೆ ಕೇಳಿದರು. ಭುವನಾಳಿಗೆ ತಮ್ಮನ ಮಾತನ್ನೂ ಮುಟ್ಟಿಸಿದರು.

ಆ ವಾರವೇ ಅವಳು ಬಸ್ಸು ಹತ್ತಿ ಹಾವೇರಿಗೆ ಬಂದಳು. ಕೇಂದ್ರದ ಗೇಟಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಅವಳ ಸೀರೆಯಿಂದ ಮೆಣಸಿನಕಾಯಿಯ ಘಾಟು ಬರುತ್ತಿತ್ತು. ಸಿದ್ದಲಿಂಗೇಶ ಏನೂ ಕೇಳದೆ ಎರಡು ಚಹಾ ತರಿಸಿದ.

"ಫಲಿತಾಂಶ ಬಂದು ಭಾಳ ದಿನ ಆಗಿತ್ತು. ಹೋಗಿ ಕೇಳಾಕ ಧೈರ್ಯ ಸಾಲದ ಸುಮ್ಮನಿದ್ದೆ," ಎಂದಳು ಭುವನಾ. "ಡಾಕ್ಟರ್ ಫೋನ್ ಮಾಡಿದ ಮ್ಯಾಲೆ, ಇನ್ನ ಕೇಳೇಬಿಡೂಣು ಅನಿಸ್ತು. ನಿನ್ನೆ ರಾಣೇಬೆನ್ನೂರಿಗೆ ಹೋಗಿದ್ದೆ."

ಅವನು ಗ್ಲಾಸು ಹಿಡಿದುಕೊಂಡೇ ಕಾದ.

"ಅವ್ವಂದು ನನಗೂ ಬಂದೈತಿ, ತಮ್ಮಾ."

ಅವನ ಕಣ್ಣು ತುಂಬಿದವು. ಭುವನಾ ಗ್ಲಾಸು ಇಸಿದುಕೊಂಡು ಕೆಳಗಿಟ್ಟು, ಅವನ ಕೈ ಹಿಡಿದಳು.

"ಇನ್ನೂ ಎಷ್ಟೋ ವರ್ಷ ಏನೂ ಆಗಾಕಿಲ್ಲಂತ. ಅಲ್ಲೀತನ ನಾ ಚಂದಂಗ ಇರತೇನಿ. ಅದಲ್ಲ ನಾ ಹೇಳಾಕ ಬಂದದ್ದು. ಅವ್ವಗ ಏನಾಗೇತಿ ಅಂತ ಓಣಿ ಮಂದಿಗೆಲ್ಲಾ ಆಕಿಗಿಂತ ಮೊದಲ ಗೊತ್ತಾಗಿತ್ತು. ಎಲ್ಲಾರೂ ಆಕಿ ಮಾರಿ ನೋಡಿ ಲೊಚಗುಟ್ಟತಿದ್ರು. ಯಾಕ ಹಂಗ ನೋಡತಾರ ಅಂತ ನನ್ನ ಕೇಳತಿದ್ದಳು. ನನಗ ಹಂಗಾಗಲಿಲ್ಲ. ನನ್ನ ಮಾತು ನಾನ ನಿನ್ನ ಮುಂದ ಕುಂತು ಹೇಳಿದೆ. ಜೀವ ಎಷ್ಟ ಹಗರ ಆಗೇತಿ ಅಂತೀ. ನೀ ಉಳಿಸಿ ಕೊಟ್ಟಿ ಆ ಮಾತನ್ನ."

ಅವನು ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡ. "ಅಕ್ಕಾ, ಹಂಗಾದ್ರ ನಾನೂ ಒಮ್ಮೆ…"

"ಪರೀಕ್ಷಾ ಮಾಡಸೂದು ಬಿಡೂದು ನಿನ್ನ ಮನಸ್ಸಿಗೆ ಬಿಟ್ಟದ್ದು," ಎಂದಳು ಭುವನಾ. "ಮಾಡಸಿದ್ರೂ ನನಗ ಹೇಳಬೇಕಂತಿಲ್ಲ. ನಾ ಕೇಳೂದಿಲ್ಲ."

ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.