ಉಪ್ಪಿನ ಎರಡನೇ ಸುತ್ತು

ಯೆರ್ಬಾ ಎಲೆಯ ಕಷಾಯದ ಸೋರೆಬುರುಡೆ ನಾಲ್ಕು ಕೈ ದಾಟಿ ಪ್ರೊಫೆಸರ್ ಎರ್ಸಿಲಿಯಾ ಅವರನ್ನು ತಲುಪಿದಾಗ ನೆಲಿದಾ ಉಸಿರು ಬಿಗಿಹಿಡಿದಳು. ಬುರುಡೆ ತುಂಬುವ ಬಿಸಿನೀರಿನ ಫ್ಲಾಸ್ಕಿಗೆ ಉಪ್ಪು ಸುರಿದವಳು ಅವಳೇ, ಹೀರಿ "ಆಹಾ!" ಎಂದ ನಾಲ್ವರು ಸಹಪಾಠಿಗಳೂ ಅವಳ ಕಡೆಯವರೇ.

"ನಾಲ್ಕು ಜನ ಹೂಂ ಅಂದ್ರೆ ಐದನೆಯವರೂ ಹೂಂ ಅಂತಾರಾ? ಇಂಥ ಪ್ರಯೋಗಕ್ಕೆ ಸಹಿ ಹಾಕಲ್ಲ, ಹೋಗೇ," ಎಂದು ನಿನ್ನೆ ಅವಳ ಮನಃಶಾಸ್ತ್ರ ಸಂಶೋಧನೆಗೇ ತಡೆಹಾಕಿದ್ದವರು ಇದೇ ಮೇಡಂ.

ಮೇಡಂ ಹೀರಿದರು. ಹುಬ್ಬು ಮೇಲೇರಿತು. ನಾಲ್ಕೂ ಮುಖ ನೋಡಿ, "ಚೆನ್ನಾಗಿದೆ," ಎಂದರು. ಬ್ಯೂನಸ್ ಐರಿಸ್‌ನಲ್ಲಿ ಇನ್ನು ಸಾಕು ಎನಿಸಿದವರು ಥ್ಯಾಂಕ್ಸ್ ಹೇಳಿ ಬುರುಡೆ ಮರಳಿಸುತ್ತಾರೆ. ಮೇಡಂ ಥ್ಯಾಂಕ್ಸ್ ಹೇಳಲಿಲ್ಲ, ಎರಡನೇ ಸುತ್ತನ್ನೂ ತಳ ಕಾಣುವವರೆಗೆ ಹೀರಿದರು.

ನೆಲಿದಾ ಮೇಜಿನ ಮೇಲೆ ಉಪ್ಪಿನ ಡಬ್ಬಿಯಿಟ್ಟು, ಪಕ್ಕದಲ್ಲಿ ನಿನ್ನೆ ಸಹಿ ಸಿಗದ ಅರ್ಜಿ ಇಟ್ಟಳು.

"ಅಯ್ಯೋ ಪಾಪಿಗಳಾ, ನನ್ನ ನಾಲಿಗೇನೇ ಕೆಟ್ಟಿದೆ ಅಂದ್ಕೊಂಡಿದ್ನಲ್ರೋ!" ಎಂದು ಎಲ್ಲರಿಗಿಂತ ಜೋರಾಗಿ ನಗುತ್ತ ಮೇಡಂ ಹಾಕಿದ ಸಹಿ, ಕಾಗದದ ಅಂಚು ದಾಟಿ ಮೇಜಿನ ಮೇಲೂ ಹರಿಯಿತು.