ಒದ್ದೆಯಾಗದ ಜಾಕೆಟ್

ಜಲಾಶಯದ ಬೋಟಿಂಗ್ ಕೇಂದ್ರಕ್ಕೆ ಹೊಸ ಲೈಫ್ ಜಾಕೆಟ್‌ಗಳು ಬಂದು ಮೂರು ತಿಂಗಳಾಗಿತ್ತು. ಮ್ಯಾನೇಜರ್ ಆಯುಧಪೂಜೆಯ ದಿನ ಅವಕ್ಕೆ ಕುಂಕುಮ ಹಚ್ಚಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬೋಟಿನ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಿದ್ದರು. ಬೀಗದ ಕೈಯ ವಿಷಯದಲ್ಲಿ ಅವರು ಹೆಂಡತಿಯನ್ನೂ ನಂಬಿದವರಲ್ಲ.

ಅವತ್ತು, ಬೋಟು ಎಬ್ಬಿಸುವ ಅಲೆಯಲ್ಲಿ ಹಲಗೆಯ ಮೇಲೆ ನಿಂತು ಜಾರುವ ಹೊಸ ಆಟ ಶುರುವಾಗುವುದಿತ್ತು. ಜಾಹೀರಾತಿನ ಫೋಟೋಗೆ ಹಲಗೆ ಹತ್ತಲು ಮ್ಯಾನೇಜರೇ ಹೊರಟರು.

"ಒಂದು ಜಾಕೆಟ್ ಹಾಕ್ಕಳಿ ಸಾರ್," ಎಂದ ಬೋಟು ಓಡಿಸುವ ಮೈಲಾರಿ.

"ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬರೋವರೆಗೂ ಅವನ್ನ ಮುಟ್ಟಂಗಿಲ್ಲ. ನೀರಿಗೆ ಬಿದ್ದು ಒದ್ದೆಯಾದ್ರೆ ಯಾರಯ್ಯ ಜವಾಬ್ದಾರಿ?"

"ನಿಮಗೆ ಈಜು ಬರ್ತದಾ ಸಾರ್?"

"ಮ್ಯಾನೇಜರ್ ಕಣಯ್ಯ ನಾನು!"

ಮೊದಲ ಅಲೆಗೇ ಹಲಗೆ ಒಂದು ಕಡೆ, ಮ್ಯಾನೇಜರ್ ಇನ್ನೊಂದು ಕಡೆ. ಎರಡು ಗುಟುಕು ನೀರು ಕುಡಿದ ಮೇಲೆ ಅವರಿಗೆ ಜಾಕೆಟ್ ನೆನಪಾಯಿತು.

"ಮೈಲಾರಿ, ಪೆಟ್ಟಿಗೆ ತೆಗಿಯೋ! ಜಾಕೆಟ್ ಎಸಿಯೋ!"

ಬೋಟು ತಿರುಗಿಸುತ್ತ ಮೈಲಾರಿ ಕೂಗಿದ: "ಬೀಗದ ಕೈ ನಿಮ್ಮ ಉಡಿದಾರದಾಗೈತೆ ಸಾರ್, ಮೊದ್ಲು ಅದನ್ನ ಎಸೀರಿ!"